ಪರರ ಪಾತ್ರ, ನಮ್ಮ ಗೆರೆ

ಕಾಲೇಜುಗಳ ಚಿತ್ರಸ್ಪರ್ಧೆಯ ಪ್ರಕಟಣೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ವಾಕ್ಯವೊಂದುಂಟು: "ಚಿತ್ರವು ಸ್ಪರ್ಧಿಯ ಸ್ವಂತ ಕಲ್ಪನೆಯದಾಗಿರತಕ್ಕದ್ದು." ನೋಡುವುದಕ್ಕೆ ನಿರಪಾಯವಾದ ವಾಕ್ಯ, ಯಾರೂ ಅದನ್ನು ಎರಡನೆಯ ಸಲ ಓದುವುದಿಲ್ಲ. ಆದರೆ ಇದೇ ನಿಯಮವನ್ನು ಕಾವ್ಯಕ್ಕೂ ಅನ್ವಯಿಸಿದ್ದರೆ ಪಂಪನಿಗೆ ಪ್ರವೇಶ ದೊರೆಯುತ್ತಿರಲಿಲ್ಲ, ರನ್ನನಿಗೂ ದೊರೆಯುತ್ತಿರಲಿಲ್ಲ, ಗದುಗಿನ ಕುಮಾರವ್ಯಾಸನನ್ನು ಬಾಗಿಲಲ್ಲಿಯೇ ತಡೆದು, "ಈ ಪಾತ್ರಗಳೆಲ್ಲ ತಮ್ಮವೆ?" ಎಂದು ಕೇಳಿ ಹಿಂದಕ್ಕೆ ಕಳುಹಿಸಬೇಕಾಗುತ್ತಿತ್ತು.

ಹಾಸ್ಯಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ಕಾಲೇಜೊಂದರಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದರು. ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬಂದು ಓದುವ ವಿದ್ಯಾರ್ಥಿನಿಯೊಬ್ಬಳು ಗಣಕಯಂತ್ರದಲ್ಲಿ ರಚಿಸಿದ ಚಿತ್ರವನ್ನು ಕೊಟ್ಟಿದ್ದಳು. ಚಿತ್ರದ ನಾಯಕಿ 'ರಾಜಿ'. ವಿಡಿಯೋ ಆಟಗಳ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳಬೇಕು. 'ರಾಜಿ: ಆ್ಯನ್ ಏನ್ಷಂಟ್ ಎಪಿಕ್' ಎಂಬುದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಂಸ್ಥೆ 2020ರಲ್ಲಿ ಹೊರತಂದ ಆಟ. ಅಸುರರು ಮತ್ತೆ ಭೂಮಿಗೆ ಇಳಿದಿದ್ದಾರೆ. ರಾಜಿ ಎಂಬ ಬಡ ಹುಡುಗಿಯ ತಮ್ಮ ಗೋಲುವನ್ನು ಅವರು ಹೊತ್ತುಕೊಂಡು ಹೋಗಿದ್ದಾರೆ. ದೇವತೆಗಳು ಕೊಟ್ಟ ಆಯುಧಗಳನ್ನು ಹಿಡಿದು ಅವಳು ತಮ್ಮನನ್ನು ಅರಸುತ್ತ ಹೊರಡುತ್ತಾಳೆ. ಆಡುವವನು ಅವಳನ್ನು ನಡೆಸಬೇಕು, ಜಿಗಿಸಬೇಕು, ಕಾದಾಡಿಸಬೇಕು. ಹೀಗೆ ಪರರು ಸೃಷ್ಟಿಸಿದ ಪಾತ್ರವನ್ನು ಮೆಚ್ಚಿಕೊಂಡವರು ತಾವೇ ಮತ್ತೆ ಚಿತ್ರಿಸುವುದಕ್ಕೆ 'ಫ್ಯಾನ್ ಆರ್ಟ್' ಎಂದು ಹೆಸರು. ಕನ್ನಡದಲ್ಲಿ ಅಭಿಮಾನಿಚಿತ್ರ ಎನ್ನಬಹುದು. ಡಾ. ರಾಜ್‌ಕುಮಾರ್ ಅವರು ಅಭಿಮಾನಿಗಳನ್ನು ದೇವರುಗಳೆಂದು ಕರೆದ ನಾಡು ನಮ್ಮದು. ಈ ಪದಕ್ಕೆ ಇಲ್ಲಿ ಬರವಿಲ್ಲ.

ಆಟದಲ್ಲಿ ರಾಜಿ ಇರುವುದು ರಾಜಸ್ಥಾನದ ಅರಮನೆಗಳನ್ನು ನೆನಪಿಗೆ ತರುವ ಮಂಟಪಗಳ ನಡುವೆ, ಒಣ ಬಿಸಿಲಿನಲ್ಲಿ. ಈ ಹುಡುಗಿ ಅವಳನ್ನು ಅಲ್ಲಿಂದ ಎತ್ತಿ ಮಲೆನಾಡಿನ ಆಷಾಢದ ಮಳೆಗೆ ತಂದು ನಿಲ್ಲಿಸಿದ್ದಳು. ಮೊಣಕಾಲುದ್ದ ಕೆಸರಿನ ಗದ್ದೆ, ಕತ್ತಲಾಗುವ ಹೊತ್ತು, ಸೊಂಟದ ಪಟ್ಟಿಯ ಕುಸುರಿ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಶಿಲ್ಪಗಳಿಂದ ನೋಡಿ ಎತ್ತಿಕೊಂಡದ್ದು. ತಲೆಯಿಂದ ಬೆನ್ನಿನವರೆಗೆ ಒಂದು ಗೊರಬು. ಬಿದಿರಿನ ಸೀಳಿಗೂ ಎಲೆಗೂ ಹುಟ್ಟಿದ ಈ ಸಾಧನವನ್ನು ಹೊದ್ದು ಬಗ್ಗಿ ಸಸಿ ನೆಡುವವರು ಈಗ ವಿರಳ. ಪ್ಲಾಸ್ಟಿಕ್ ಹಾಳೆ ಅದರ ಜಾಗವನ್ನು ಹಿಡಿದು ಬಹಳ ಕಾಲವಾಯಿತು. ಬಲಗೈಯಲ್ಲಿ ತ್ರಿಶೂಲ. ಎಡಗೈಯಲ್ಲಿ ಮತ್ತೊಂದು ಗೊರಬು, ಚಿಕ್ಕದು, ಹುಡುಗನೊಬ್ಬನ ಬೆನ್ನಿಗೆ ಸರಿಹೋಗುವಷ್ಟು.

ಆ ಚಿಕ್ಕ ಗೊರಬಿನ ಬಳಿ ನನ್ನ ಕಣ್ಣು ನಿಂತಿತು. ಆಟದಲ್ಲಿ ಅದಿಲ್ಲ. ಆಟದ ರಾಜಿ ವೀರಳು, ಚುರುಕಿನವಳು, ಅಂಜದವಳು. ಅವಳ ಅಕ್ಕತನವನ್ನು ನಾವು ಕಥೆಯಿಂದ ತಿಳಿದುಕೊಳ್ಳುತ್ತೇವೆ. ಇಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಅಸುರನನ್ನು ಕೊಲ್ಲಲು ಹೊರಟವಳು, ತಮ್ಮ ಸಿಕ್ಕಿದರೆ ನೆನೆಯದಂತೆ ಮನೆಗೆ ಕರೆತರಬೇಕೆಂಬುದನ್ನೂ ಯೋಚಿಸಿ ಹೊರಟಿದ್ದಾಳೆ.

ತೀರ್ಪುಗಾರರು ಚಿತ್ರವನ್ನು ಬದಿಗಿಟ್ಟರು. ಪಾತ್ರವು ಆಟದ ಕಂಪನಿಯದು, ಸ್ಪರ್ಧಿಯದಲ್ಲ ಎಂಬುದು ಕಾರಣ. ಮೊದಲನೆಯ ಬಹುಮಾನ ಪಡೆದದ್ದು ಕಾಲಿನ ಮುಳ್ಳನ್ನು ತೆಗೆಯುವ ನೆವದಲ್ಲಿ ಹಿಂದಿರುಗಿ ನೋಡುವ ಶಕುಂತಲೆಯ ಚಿತ್ರ. ಅಂದವಾದ ಚಿತ್ರವೇ, ಬಣ್ಣ ಹದವಾಗಿತ್ತು. ಆದರೆ ಪಾತ್ರ ವ್ಯಾಸಭಾರತದ್ದು, ಸನ್ನಿವೇಶ ಕಾಳಿದಾಸನದು, ನಿಂತ ಭಂಗಿ ರಾಜಾ ರವಿವರ್ಮನದು. ಸ್ಪರ್ಧಿಯದು ಏನು ಎಂದು ಯಾರೂ ಕೇಳಲಿಲ್ಲ. ಹಳೆಯ ಸಾಲ ಸಾಲವೆನಿಸುವುದಿಲ್ಲ, ಹೊಸ ಸಾಲ ಮಾತ್ರ ಅಪರಾಧ: ನಮ್ಮ ವಿದ್ಯಾಸಂಸ್ಥೆಗಳ ಲೆಕ್ಕ ಬಹುಮಟ್ಟಿಗೆ ಹೀಗಿದೆ.

ಪಂಪ 941ರ ಸುಮಾರಿಗೆ ಭಾರತವನ್ನು ಕನ್ನಡದಲ್ಲಿ ಹೇಳಹೊರಟಾಗ ವ್ಯಾಸರ ಪಾತ್ರಗಳನ್ನು ಹಾಗೆಯೇ ಎತ್ತಿಡಲಿಲ್ಲ. ಅರ್ಜುನನೊಳಗೆ ತನ್ನ ಒಡೆಯ ಅರಿಕೇಸರಿಯನ್ನು ಕೂಡಿಸಿದ. ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿದ. ಈ ಎರಡನೆಯ ಬದಲಾವಣೆಯನ್ನು ಒಪ್ಪದ ವಿದ್ವಾಂಸರಿದ್ದಾರೆ; ಅದು ಬೇರೆಯ ಚರ್ಚೆ. ರನ್ನನು ದುರ್ಯೋಧನನನ್ನು ನೋಡಿದ ಬಗೆಯಲ್ಲಿ ಅವನ ಹಿಂದಿನವರು ಯಾರೂ ನೋಡಿರಲಿಲ್ಲ. ನಮ್ಮ ಜಿಲ್ಲೆಯ ಕುಪ್ಪಳಿಯವರೇ ಆದ ಕುವೆಂಪು 'ಶ್ರೀರಾಮಾಯಣ ದರ್ಶನಂ' ಕಾವ್ಯದಲ್ಲಿ ಸೀತೆಯೊಬ್ಬಳನ್ನೇ ಬೆಂಕಿಗೆ ಕಳುಹಿಸದೆ ರಾಮನೂ ಅಗ್ನಿಯನ್ನು ಹೊಗುವಂತೆ ಮಾಡಿದರು. ಮಂಥರೆಯ ಗೂನಿನ ಒಳಗೆ ಮಾತೃವಾತ್ಸಲ್ಯವನ್ನು ಕಂಡರು. ಆ ಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಬಳಿಕ ಜ್ಞಾನಪೀಠವೂ ಬಂತು. ಪಾತ್ರಗಳು ಸ್ವಂತದವಲ್ಲ ಎಂದು ಯಾರಾದರೂ ತಕರಾರು ತೆಗೆದರೆ? ನಾವು ಪಂಡಿತರು ಇಂಥವನ್ನು ಪ್ರತಿಭೆ ಎನ್ನುತ್ತೇವೆ, ಪುನಸ್ಸೃಷ್ಟಿ ಎನ್ನುತ್ತೇವೆ, ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಕೊಡುತ್ತೇವೆ. ಹದಿನೆಂಟರ ಹುಡುಗಿ ಅದನ್ನೇ ತನ್ನ ಅಳತೆಯಲ್ಲಿ ಮಾಡಿದರೆ ನಕಲು ಎನ್ನುತ್ತೇವೆ.

ಶಿಲ್ಪದಲ್ಲಿಯೂ ಕಥೆ ಇದೇ. ಎರಡು ತಲೆಯ ಗಂಡಭೇರುಂಡಕ್ಕಿಂತ ಮಿಗಿಲಾದ ಅದ್ಭುತಲೋಕದ ಪಾತ್ರ ಯಾವ ಆಟದಲ್ಲಿದೆ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ನೆಯ ಶತಮಾನದ ಕಂಬದ ಮೇಲೆ ನಿಂತಿರುವ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸಾಗರದ ಬಳಿಯ ಕೆಳದಿಗೆ ಹೋಗಿ ರಾಮೇಶ್ವರ ದೇವಾಲಯದ ಒಳಮಾಳಿಗೆಯನ್ನು ಕತ್ತೆತ್ತಿ ನೋಡಿದರೆ ಅದೇ ಭೇರುಂಡ ಆನೆ ಸಿಂಹಗಳನ್ನು ಹಿಡಿದ ಪೂರ್ಣ ಪಕ್ಷಿಯಾಗಿದೆ. ಮೈಸೂರು ಅರಸರ ಲಾಂಛನದಲ್ಲಿ ಮತ್ತೊಂದು ರೂಪ; ಇಂದಿನ ರಾಜ್ಯಲಾಂಛನದಲ್ಲಿಯೂ ಅದಿದೆ. ಮೊದಲು ಅದನ್ನು ಕಂಡವನು ಯಾರು? ನಂತರದ ಕೈಗಳೆಲ್ಲ ಆ ಮೊದಲನೆಯವನ ಅಭಿಮಾನಿಗಳೇ ಅಲ್ಲವೆ? ಆದರೂ ಆ ಕೈಗಳು ತಮ್ಮ ಗೆರೆಯನ್ನು ಬಿಟ್ಟುಕೊಡಲಿಲ್ಲ. ಇದೇ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿಗೆ ಹೋಗಿ ಚೆನ್ನಕೇಶವ ದೇವಾಲಯಕ್ಕೆ ಮದನಿಕೆಗಳನ್ನು ಕಡೆದಾಗ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿಟ್ಟರು. ಸುಂದರಿಯರ ಭಂಗಿಗಳು ಶಾಸ್ತ್ರಸಮ್ಮತವಾದವು, ಎಲ್ಲರಿಗೂ ತಿಳಿದವು. ಹೆಸರು ಮಾತ್ರ ಕೈಯದು.

ರಾಜಿಯನ್ನು ಸೃಷ್ಟಿಸಿದ ಪುಣೆಯವರಾದರೂ ಬರಿಗೈಯಿಂದ ಹೊರಟವರಲ್ಲ. ದುರ್ಗೆಯೂ ವಿಷ್ಣುವೂ ಕಥೆಯನ್ನು ಹೇಳುವ ಚೌಕಟ್ಟನ್ನು ಅವರು ಪುರಾಣದಿಂದ ಪಡೆದರು. ಬಣ್ಣದ ಹದವನ್ನು ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಗಳಿಂದ. ಕಥೆಯ ಕೆಲವು ಭಾಗಗಳನ್ನು ತೆರೆಯ ಮೇಲೆ ನೆರಳುಗೊಂಬೆಯ ರೀತಿಯಲ್ಲಿ ಆಡಿಸಿದರು. ನಮ್ಮ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಆ ಭಾಗಗಳು ಅಪರಿಚಿತವೆನಿಸುವುದಿಲ್ಲ. ಹಾಗೆ ನೋಡಿದರೆ ಆಟವೇ ಒಂದು ದೊಡ್ಡ ಅಭಿಮಾನಿಚಿತ್ರ. ಪುರಾಣವನ್ನು ಅವರು ಮುಂದಕ್ಕೆ ಒಯ್ದರು. ಅವರದನ್ನು ಭದ್ರಾವತಿಯ ಹುಡುಗಿ ಇನ್ನೂ ಒಂದು ಹೆಜ್ಜೆ ಒಯ್ದಳು.

ನಿಜವನ್ನು ಮರೆಮಾಚಬಾರದು. ವಿದ್ಯಾರ್ಥಿಗಳು ತಂದು ತೋರಿಸುವ ಇಂಥ ಚಿತ್ರಗಳಲ್ಲಿ ಬಹುಪಾಲು ಸಪ್ಪೆ. ಅವೇ ಅಗಲವಾದ ಕಣ್ಣುಗಳು, ಅದೇ ಚೂಪಾದ ಗಲ್ಲ, ಗಾಳಿಯಿಲ್ಲದ ಕಡೆಯೂ ಹಾರುವ ಕೂದಲು; ಆಟದ ಭಿತ್ತಿಪತ್ರವನ್ನು ಎದುರಿಗಿಟ್ಟುಕೊಂಡು ಗೆರೆಗೆ ಗೆರೆ ಕೂಡಿಸಿದ ಶ್ರಮ. ಕೈ ಪಳಗುವುದಕ್ಕೆ ಅದೂ ಬೇಕು. ಹಳಗನ್ನಡ ಪದ್ಯವನ್ನು ಉರುಹಾಕದೆ ಛಂದಸ್ಸು ಕಿವಿಗೆ ಹತ್ತುವುದಿಲ್ಲವಷ್ಟೆ. ಆದರೆ ಉರುಹಾಕಿದ್ದನ್ನು ಯಾರೂ ಕವಿತೆಯೆಂದು ಸ್ಪರ್ಧೆಗೆ ಕಳುಹಿಸುವುದಿಲ್ಲ. ಮೂಲದವರು ಕಾಣದ ಒಂದನ್ನಾದರೂ ಈ ಚಿತ್ರ ಕಂಡಿದೆಯೆ ಎಂಬುದೇ ಕೇಳಬೇಕಾದ ಪ್ರಶ್ನೆ. ಶಕುಂತಲೆಗೂ ಅದೇ ಪ್ರಶ್ನೆ, ರಾಜಿಗೂ ಅದೇ.

ನನ್ನ ಸಹೋದ್ಯೋಗಿಯೊಬ್ಬರು ಇದಕ್ಕೆ ತೂಕವಾದ ಆಕ್ಷೇಪವನ್ನು ಎತ್ತಿದರು. ಕಾವ್ಯ ಶಬ್ದದಲ್ಲಿದೆ, ಓದುಗ ರೂಪವನ್ನು ತಾನೇ ಕಟ್ಟಿಕೊಳ್ಳಬೇಕು, ಆದುದರಿಂದ ಕುಮಾರವ್ಯಾಸನ ಕರ್ಣ ಒಬ್ಬೊಬ್ಬರಿಗೆ ಒಂದೊಂದು ಬಗೆ. ಆಟದಲ್ಲಾದರೋ ಮೂಗು, ತುಟಿ, ಬಳೆ, ನಡಿಗೆ ಎಲ್ಲವೂ ಸಿದ್ಧವಾಗಿ ಬಂದಿವೆ. ಕಲ್ಪನೆಗೆ ಕೆಲಸವೆಲ್ಲಿದೆ ಎಂಬುದು ಅವರ ವಾದ. ಮೊದಲರ್ಧವನ್ನು ಒಪ್ಪುತ್ತೇನೆ. ಸಿದ್ಧರೂಪ ಕಲ್ಪನೆಯನ್ನು ಹೇಗೆ ಹೆಪ್ಪುಗಟ್ಟಿಸುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ರವಿವರ್ಮನ ಮುದ್ರಣಾಲಯದ ಪಟಗಳು ಮನೆಮನೆಗೆ ಬಂದ ಮೇಲೆ ಸರಸ್ವತಿಯನ್ನು ಬೇರೆ ಬಗೆಯಲ್ಲಿ ನೆನೆಯುವುದು ನಮ್ಮ ಜನಕ್ಕೆ ಕಷ್ಟವಾಯಿತು. ಆದರೆ ಅದಕ್ಕಾಗಿಯೇ ಅಭಿಮಾನಿಚಿತ್ರ ಬೇಕು. ಹೆಪ್ಪುಗಟ್ಟಿದ್ದನ್ನು ಕರಗಿಸುವ ದಾರಿ ಅದೊಂದೇ. ರಾಜಿಗೆ ಗೊರಬು ಹೊದಿಸಿದಾಗ ಅವಳು ಮತ್ತೆ ಶಬ್ದದಲ್ಲಿರುವ ಪಾತ್ರದಂತೆ ಸಡಿಲವಾದಳು. ಮಲೆನಾಡಿನ ಅಕ್ಕಂದಿರಲ್ಲಿ ಒಬ್ಬಳಾದಳು.

ಇನ್ನು ಗಣಕಯಂತ್ರದ ಮಾತು. "ಯಂತ್ರ ಬಣ್ಣ ತುಂಬುತ್ತದೆ, ಹುಡುಗರು ಗುಂಡಿ ಒತ್ತುತ್ತಾರೆ" ಎಂಬ ಭಾವನೆ ಅಧ್ಯಾಪಕರ ಕೊಠಡಿಗಳಲ್ಲಿ ಇನ್ನೂ ಇದೆ. ಆಕೆ ಬಳಸುವುದು ಕ್ರಿತಾ ಎಂಬ ಉಚಿತ ತಂತ್ರಾಂಶ. (ಸ್ವೀಡಿಷ್ ಭಾಷೆಯಲ್ಲಿ ಈ ಪದಕ್ಕೆ ಬಳಪ, ಸೀಮೆಸುಣ್ಣ ಎಂಬ ಅರ್ಥವಂತೆ, ನಮ್ಮ ಕಿವಿಗೆ ಸಂಸ್ಕೃತದ 'ಕೃತ' ಕೇಳಿಸಿದರೆ ತಪ್ಪೇನಿಲ್ಲ.) ಹಳೆಯದಾಗಿ ಕೊಂಡ ಪೆನ್ ಟ್ಯಾಬ್ಲೆಟ್ಟಿನ ಮೇಲೆ ಲೇಖನಿಯನ್ನು ಮೆಲ್ಲಗೆ ಊರಿದರೆ ತೆಳುಗೆರೆ, ಒತ್ತಿದರೆ ದಪ್ಪಗೆರೆ. ಚಿತ್ರವನ್ನು ಲೇಯರುಗಳಲ್ಲಿ, ಎಂದರೆ ಪದರಗಳಲ್ಲಿ ಬರೆಯುತ್ತಾರೆ: ಕೆಳಗೆ ಒರಟು ರೇಖೆ, ಅದರ ಮೇಲೆ ತಿದ್ದಿದ ರೇಖೆ, ಆಮೇಲೆ ಬಿಡಿಬಣ್ಣ, ನೆರಳು, ಕಡೆಗೆ ಮಳೆಯ ಎಳೆಗಳು. ಒಂದನ್ನು ತಿದ್ದಿದರೆ ಇನ್ನೊಂದು ಕೆಡುವುದಿಲ್ಲ. ಸಾಗರ ಸೊರಬಗಳ ದೀವರ ಹೆಣ್ಣುಮಕ್ಕಳು ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳುಪನ್ನು ಪುಂಡಿನಾರಿನ ಕುಂಚದಲ್ಲಿ ಎಳೆದು ಚಿತ್ತಾರ ಬರೆಯುವುದನ್ನು ನೋಡಿದವರಿಗೆ ಈ ಪದರದ ಕ್ರಮ ಹೊಸದೇನೂ ಅಲ್ಲ. ಒಂದೇ ವ್ಯತ್ಯಾಸವೆಂದರೆ ಗೋಡೆಯ ಮೇಲೆ ತಪ್ಪಿದ ಎಳೆಯನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ; ಗಣಕದಲ್ಲಿ ಬೆರಳೊಂದರ ಕೆಲಸ. ಇದು ಧೈರ್ಯವನ್ನು ಕೊಡುತ್ತದೆ. ಕೆಲವರಿಗೆ ಎಂದೂ ಮುಗಿಸಲಾಗದ ರೋಗವನ್ನೂ ಕೊಡುತ್ತದೆ.

ಭದ್ರಾವತಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಆ ಊರಿನ ಒಂದು ಭಾಗಕ್ಕೆ ಕಾಗದನಗರವೆಂಬ ಹೆಸರನ್ನೇ ಕೊಟ್ಟಿತು. ಬರೆಯುವ ಕಾಗದವೂ ಸುದ್ದಿಕಾಗದವೂ ಅಲ್ಲಿಂದ ನಾಡಿಗೆಲ್ಲ ಹೋದವು. 2015ರಲ್ಲಿ ಉತ್ಪಾದನೆ ನಿಂತಿತು. ಈ ಹುಡುಗಿಯ ತಾತ ಅಲ್ಲಿ ದುಡಿದವರು. ಹೊಸ ಹಾಳೆಯ ವಾಸನೆಯನ್ನು ಹೇಳುವಾಗ ಆ ಮನೆಯಲ್ಲಿ ಈಗಲೂ ಧ್ವನಿ ಬದಲಾಗುತ್ತದಂತೆ. ಮೊಮ್ಮಗಳು ಕಾಗದವನ್ನೇ ಮುಟ್ಟದೆ ಚಿತ್ರ ಬರೆಯುತ್ತಾಳೆ. ಇದನ್ನು ದುಃಖದ ಸಂಗತಿ ಎನ್ನಬೇಕೊ ಬೇಡವೊ. ಊರು ಕೈಬಿಟ್ಟ ಮೇಲೂ ಕೈ ತನ್ನ ಕೆಲಸವನ್ನು ಕಂಡುಕೊಂಡಿದೆ ಎಂಬುದಂತೂ ನಿಜ.

ಹಕ್ಕಿನ ಪ್ರಶ್ನೆಯನ್ನು ಕಡೆಗಣಿಸಲಾಗದು. ಪಂಪನು ವ್ಯಾಸರ ಅನುಮತಿಯನ್ನು ಕೇಳಬೇಕಾಗಿರಲಿಲ್ಲ. ಇಂದು 1957ರ ಕೃತಿಸ್ವಾಮ್ಯ ಕಾಯಿದೆ ಇದೆ. ಕರ್ತೃವಿನ ಮರಣದ ಬಳಿಕ 60 ವರ್ಷ ಕಳೆಯುವವರೆಗೆ ಚಿತ್ರದ, ಗ್ರಂಥದ ಹಕ್ಕು ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರವಿವರ್ಮ ಎಲ್ಲರ ಸ್ವತ್ತಾಗಿದ್ದಾನೆ, ರಾಜಿ ಆಗಿಲ್ಲ. ಖಾಸಗಿ ಉಪಯೋಗಕ್ಕೂ ವಿಮರ್ಶೆಗೂ ಕಾಯಿದೆ ಸ್ವಲ್ಪ ಎಡೆಯನ್ನು ಬಿಟ್ಟಿದೆ. ಚಿತ್ರವನ್ನು ಅಂಗಿಯ ಮೇಲೆ ಅಚ್ಚುಹಾಕಿಸಿ ಮಾರಹೊರಟರೆ ಮೂಲದವರ ಒಪ್ಪಿಗೆ ಬೇಕು. ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದು ನಮ್ಮ ಕರ್ತವ್ಯ. ಆದರೆ ಮಾರಾಟಕ್ಕಿರುವ ನಿರ್ಬಂಧವನ್ನು ಮೆಚ್ಚುಗೆಗೆ ಅಂಟಿಸುವುದು ಸರಿಯಲ್ಲ.

ಇಷ್ಟನ್ನೂ ನಾನು ಬರೆಯುತ್ತಿರುವುದು ಆ ಬಹುಮಾನದ ಸಲುವಾಗಿ ಅಲ್ಲ. ಸ್ಪರ್ಧೆ ಮುಗಿದ ಕೆಲವು ವಾರಗಳಲ್ಲಿ ಅವಳು ಚಿತ್ರ ಬರೆಯುವುದನ್ನೇ ನಿಲ್ಲಿಸಿದಳು. ಕಾರಣ ತೀರ್ಪುಗಾರರಷ್ಟೇ ಅಲ್ಲ. "ಸಾರ್, ನಾನು ಹದಿನೈದು ರಾತ್ರಿ ಕೂತು ಬರೆದದ್ದನ್ನು ಎಐ ಅರ್ಧ ನಿಮಿಷದಲ್ಲಿ ಮಾಡಿಬಿಡುತ್ತೆ. ಇನ್ನು ನಾನು ಯಾಕೆ ಬರೀಬೇಕು?" ಎಂದು ಕೇಳಿದಳು. ತರಗತಿಯಲ್ಲಿ ಕೇಳುವ ಪ್ರಶ್ನೆಗಳಿಗಿಂತ ಇದು ಹೆಚ್ಚು ಕಠಿಣವಾದ ಪ್ರಶ್ನೆ.

ಎರಡು ಸಾಲು ಬರೆದುಕೊಟ್ಟರೆ ಚಿತ್ರ ಕೊಡುವ ಈ ಯಂತ್ರಗಳು 2022ರಿಂದ ಈಚೆಗೆ ಜನಸಾಮಾನ್ಯರ ಕೈಗೆ ಬಂದವು. ಮನುಷ್ಯರು ಬರೆದು ಹಂಚಿಕೊಂಡ ಕೋಟ್ಯಂತರ ಚಿತ್ರಗಳಿಂದ ಅವು ಕಲಿತವು. ಅದ್ಭುತಲೋಕದ ಆಟಗಳಿಗೆ ಚಿತ್ರ ಬರೆಯುವ ಪೋಲೆಂಡಿನ ಗ್ರೆಗ್ ರುಟ್ಕೋವ್ಸ್ಕಿ ಎಂಬ ಕಲಾವಿದ, ತನ್ನ ಹೆಸರನ್ನೇ ಅಪರಿಚಿತರು ಯಂತ್ರಕ್ಕೆ ಮಂತ್ರದಂತೆ ಉಣಿಸಿ ತನ್ನ ಶೈಲಿಯನ್ನು ಪಡೆಯುತ್ತಿರುವುದನ್ನು ಆ ವರ್ಷವೇ ಕಾಣಬೇಕಾಯಿತು. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂವರು ಕಲಾವಿದರು ಇಂಥ ಯಂತ್ರಗಳ ಒಡೆಯರ ಮೇಲೆ ದಾವೆ ಹೂಡಿದರು. ಪರರ ಪಾತ್ರವನ್ನು ಎತ್ತಿಕೊಂಡದ್ದಕ್ಕೆ ವಿದ್ಯಾರ್ಥಿನಿಯನ್ನು ಹೊರಗಿಟ್ಟ ನಾವು, ಎಲ್ಲರ ಗೆರೆಯನ್ನೂ ಹೆಸರು ಹೇಳದೆ ಎತ್ತಿಕೊಂಡ ಯಂತ್ರವನ್ನು ಕಾಲೇಜಿನ ಆಹ್ವಾನಪತ್ರಿಕೆ ಅಲಂಕರಿಸಲು ಕರೆಯುತ್ತಿದ್ದೇವೆ. ಇದಾದರೂ ಯಾವ ನ್ಯಾಯ?

ಅವಳ ಪ್ರಶ್ನೆಗೆ ನಾನು ಮರುಪ್ರಶ್ನೆಯನ್ನು ಕೇಳಿದೆ: "ಆ ಚಿಕ್ಕ ಗೊರಬು ಯಾವಾಗ ಹೊಳೆಯಿತಮ್ಮ? ಚಿತ್ರ ಶುರುಮಾಡುವಾಗಲೇ ಇತ್ತೆ?" ಸ್ವಲ್ಪ ಯೋಚಿಸಿ ಹೇಳಿದಳು: "ಇಲ್ಲ ಸಾರ್. ಹತ್ತೋ ಹನ್ನೊಂದೋ ದಿನ ಆದ ಮೇಲೆ. ಎಡಗೈ ಖಾಲಿ ಕಾಣ್ತಿತ್ತು. ಏನಾದ್ರೂ ಕೊಡಬೇಕಿತ್ತು."

ನನ್ನ ಮಟ್ಟಿಗೆ ವಾದದ ತಿರುಳೆಲ್ಲ ಈ ಉತ್ತರದಲ್ಲಿದೆ. "ಮಳೆಯಲ್ಲಿ ರಾಜಿ, ಎಡಗೈಯಲ್ಲಿ ತಮ್ಮನ ಗೊರಬು" ಎಂದು ಕೇಳಿದರೆ ಯಂತ್ರ ಏನನ್ನಾದರೂ ಕೊಟ್ಟೀತು. ನಾಳೆ ಇನ್ನೂ ಚೆನ್ನಾಗಿ ಕೊಟ್ಟೀತು. ಆದರೆ ಹಾಗೆ ಕೇಳಬೇಕೆಂಬುದು ಅವಳಿಗೆ ಮೊದಲ ದಿನ ತಿಳಿದಿರಲಿಲ್ಲ. ಹತ್ತು ರಾತ್ರಿ ಆ ಕೈಯನ್ನು ಬರೆದು, ಅಳಿಸಿ, ಬೆರಳುಗಳನ್ನು ತಿದ್ದಿ, ಅದರ ಬರಿದುತನವನ್ನು ನೋಡಿ ನೋಡಿ ಬೇಸತ್ತ ಮೇಲೆ ತಿಳಿಯಿತು. ಅರ್ಧ ನಿಮಿಷದಲ್ಲಿ ಚಿತ್ರ ಬಂದಿದ್ದರೆ ಎಡಗೈಯಲ್ಲಿ ಕತ್ತಿಯೋ ದೀವಟಿಗೆಯೋ ಇರುತ್ತಿತ್ತು. ಅವಳು ಅದನ್ನು ಮೆಚ್ಚಿ ಮುಂದಕ್ಕೆ ಹೋಗುತ್ತಿದ್ದಳು. ಬರೆಯುವುದೆಂದರೆ ತಿಳಿದದ್ದನ್ನು ಇಳಿಸುವುದು ಮಾತ್ರವಲ್ಲ. ಪ್ರಬಂಧ ಬರೆಯುವ ವಿದ್ಯಾರ್ಥಿಗೂ ಇದೇ ಮಾತು ಸಲ್ಲುತ್ತದೆಂದು ಕನ್ನಡ ಮೇಷ್ಟರಾದ ನಾನು ಬೇರೆ ಹೇಳಬೇಕಾಗಿಲ್ಲ.

ಅವಳು ಮತ್ತೆ ಬರೆಯುತ್ತಾಳೊ ಇಲ್ಲವೊ ನಾನರಿಯೆ. ಆದರೆ ಅವಳಂಥವರು ನಿಲ್ಲಿಸದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಪ್ರಕಟಣೆಯಿಂದ ಆ 'ಸ್ವಂತ ಕಲ್ಪನೆ'ಯ ವಾಕ್ಯವನ್ನು ತೆಗೆದುಹಾಕಲಿ. ಪಾತ್ರ ಯಾರದು, ಯಾವ ಕೃತಿಯದು ಎಂಬುದನ್ನು ಚಿತ್ರದ ಕೆಳಗೆ ಬರೆಯಬೇಕು, ದಾಸೋಜನಂತೆ ತನ್ನ ಹೆಸರನ್ನೂ ಬರೆಯಬೇಕು ಎಂದು ವಿಧಿಸಲಿ. ಮೂಲದಲ್ಲಿಲ್ಲದ ಯಾವುದನ್ನು ತಂದಿದ್ದೀರಿ, ಏಕೆ ತಂದಿರಿ ಎಂಬುದನ್ನು ಕನ್ನಡದಲ್ಲಿ ನಾಲ್ಕು ವಾಕ್ಯಗಳಲ್ಲಿ ಹೇಳಿಸಲಿ. ಆಯುಧ ಹಿಡಿದ ಕೈಗೆ ಮಾದರಿ ಬೇಕಾದರೆ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದ ವೀರಗಲ್ಲುಗಳ ಮುಂದೆ ಒಂದು ಮಧ್ಯಾಹ್ನ ಕುಳ್ಳಿರಿಸಲಿ. ಆಟಗಳ ಯೋಧರು ಹಿಡಿಯುವುದಕ್ಕಿಂತ ನಂಬುಗೆಯಾಗಿ ಅವರು ಕತ್ತಿ ಹಿಡಿದಿದ್ದಾರೆ. ಗಣಕದಲ್ಲಿ ಬರೆದವರಿಂದ ಪದರಗಳುಳ್ಳ ಮೂಲ ಕಡತವನ್ನು ಪಡೆಯಲಿ. ತೀರ್ಪುಗಾರರು ಒಂದೊಂದೇ ಪದರವನ್ನು ಮರೆಮಾಡುತ್ತ ಕೆಳಗಿಳಿದರೆ ಕೈ ಎಲ್ಲಿ ತಡವರಿಸಿತು, ಎಲ್ಲಿ ಮನಸ್ಸು ಬದಲಾಯಿಸಿತು ಎಂಬುದು ಬಹುಮಟ್ಟಿಗೆ ಕಾಣುತ್ತದೆ. ಯಂತ್ರದಿಂದ ಒಮ್ಮೆಗೇ ಬಂದದ್ದಕ್ಕೆ ಆ ಚರಿತ್ರೆ ಇರುವುದಿಲ್ಲ. ಹೀಗೆ ನೋಡುವುದಕ್ಕೆ ಒಂದೊಂದು ಚಿತ್ರಕ್ಕೆ ಹತ್ತು ನಿಮಿಷವಾದರೂ ಬೇಕು. ಮಧ್ಯಾಹ್ನದ ಊಟಕ್ಕೆ ಮೊದಲೇ ಫಲಿತಾಂಶವನ್ನು ಪ್ರಕಟಿಸುವ ಪದ್ಧತಿಯನ್ನು ಆ ಒಂದು ದಿನ ಕೈಬಿಟ್ಟರಾಯಿತು.